ಕಿಗ್ಗದ ಮಳೆಯೂ ಮನೆಯ ದೀಪವೂ

ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ನರಸಿಂಹ ಪರ್ವತದ ಮಗ್ಗುಲಲ್ಲಿ, ಕಿಗ್ಗ ಎಂಬ ಊರಿದೆ. ಅಲ್ಲಿಯ ದೇವರು ಋಷ್ಯಶೃಂಗೇಶ್ವರ, ಮಳೆಯ ದೇವರು. ಅಂಗದೇಶಕ್ಕೆ ಬರ ಬಂದಾಗ ರೋಮಪಾದ ರಾಜನು ಋಷ್ಯಶೃಂಗ ಮುನಿಯನ್ನು ಕರೆತರಿಸಿದನೆಂದೂ, ಮುನಿಯ ಪಾದ ತಗುಲಿದೊಡನೆ ಆ ನೆಲದಲ್ಲಿ ಮಳೆ ಸುರಿಯಿತೆಂದೂ ಪುರಾಣಗಳಲ್ಲಿ ಓದಿದ್ದೇವೆ. ಆ ಮುನಿ ಮಡದಿ ಶಾಂತೆಯೊಡನೆ ಇಲ್ಲಿಗೆ ಬಂದು ಲಿಂಗದಲ್ಲಿ ಐಕ್ಯನಾದನೆಂಬುದು ಸ್ಥಳೀಯರ ನಂಬಿಕೆ. ಆತನಿರುವ ಸ್ಥಳದಿಂದ ಹನ್ನೆರಡು ಯೋಜನದವರೆಗೆ ಕ್ಷಾಮ ಸುಳಿಯುವುದಿಲ್ಲವಂತೆ. ಮಳೆ ಬಾರದಿದ್ದರೂ ಇಲ್ಲಿ ಪ್ರಾರ್ಥನೆ, ಅತಿಯಾಗಿ ಬಂದರೂ ಇಲ್ಲಿಯೇ ಪ್ರಾರ್ಥನೆ. 2019ರ ಜೂನ್ ತಿಂಗಳಲ್ಲಿ ಮುಂಗಾರು ತಡವಾದಾಗ ಸರ್ಕಾರದ ವತಿಯಿಂದಲೇ ಇಲ್ಲಿ ಪರ್ಜನ್ಯಹೋಮ ನಡೆಯಿತು. ಸಚಿವರು ಬೆಂಗಳೂರಿನಿಂದ ಬಂದು ಹೋಮಕುಂಡದ ಮುಂದೆ ಕುಳಿತರು.

ಸರ್ಕಾರಕ್ಕೆ ಮಳೆ ಬೇಕಾಗುವುದು ಬೆಳೆಗಾಗಿ ಮಾತ್ರವಲ್ಲ. ನಮ್ಮ ರಾಜ್ಯದಲ್ಲಿ ಬಹುಕಾಲ ಮಳೆಯೆಂದರೆ ಬೆಳಕೇ ಆಗಿದ್ದಿತು. ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ 1985ರಲ್ಲಿ ಕೆಲಸಕ್ಕೆ ತೊಡಗುವವರೆಗೆ, ರಾಜ್ಯವು ತಾನಾಗಿ ಉತ್ಪಾದಿಸುತ್ತಿದ್ದ ವಿದ್ಯುತ್ತು ಬಹುಮಟ್ಟಿಗೆ ನೀರಿನದೇ. ಕಿಗ್ಗದಲ್ಲಿ ಬಿದ್ದ ಮಳೆಯೂ ಈ ಕೆಲಸದಲ್ಲಿ ಪಾಲುಗೊಳ್ಳುತ್ತದೆ. ಅದು ಹಳ್ಳಗಳಲ್ಲಿ ಹರಿದು ತುಂಗೆಯನ್ನು ಸೇರುತ್ತದೆ. ಕೂಡಲಿಯಲ್ಲಿ ಭದ್ರೆಯೊಡನೆ ಕೂಡಿಕೊಳ್ಳುತ್ತದೆ. ಹೊಸಪೇಟೆಯ ಅಣೆಕಟ್ಟಿನ ಬಳಿ ಯಂತ್ರದ ಚಕ್ರಗಳನ್ನು ತಿರುಗಿಸಿ ಮುಂದೆ ಹೋಗುತ್ತದೆ. ಹೀಗಿರುವಲ್ಲಿ, ಪ್ರಾರ್ಥನೆ ಫಲಿಸಿ ಮಳೆ ಹಿಡಿಯಿತೆನ್ನಿ, ಮೊಟ್ಟಮೊದಲು ದೀಪ ಆರುವುದೆಲ್ಲಿ? ಕಿಗ್ಗದ ಸುತ್ತಿನ ಮನೆಗಳಲ್ಲಿಯೇ.

“ಕರೆಂಟು ಹೋಯ್ತು ಮಾರಾಯ. ಇನ್ನು ಮೂರು ದಿನದಲ್ಲಿ ಬಂದರೆ ನಮ್ಮ ಪುಣ್ಯ” ಎಂದು, ಆ ಕಡೆಯ ತೋಟದ ಮನೆಯಲ್ಲಿರುವ ನನ್ನ ಸೋದರತ್ತೆ, ಮೊದಲ ಗಾಳಿಮಳೆಯ ಸಂಜೆ ಯಾವ ಉದ್ವೇಗವೂ ಇಲ್ಲದೆ ಹೇಳಿದ್ದುಂಟು. ಬೆಂಗಳೂರಿನಲ್ಲಿ ಕಾಲು ಗಂಟೆ ದೀಪ ಹೋದರೆ ಕಿಟಕಿಯಿಂದ ಕಿಟಕಿಗೆ ಕೂಗಾಡುವ ನಮಗೆ ಈ ಶಾಂತಿ ವಿಚಿತ್ರವಾಗಿ ಕಾಣುತ್ತದೆ. ಆದರೆ ಅದರ ಹಿಂದೆ ಒಂದು ಚರಿತ್ರೆಯಿದೆ. ವಿದ್ಯುತ್ತಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅಣೆಕಟ್ಟುಗಳಿಂದಲೂ ಉದ್ಘಾಟನೆಯ ದಿನಗಳಿಂದಲೂ ಬರೆಯುತ್ತೇವೆ. ಮಲೆನಾಡಿನ ಮನೆಯೊಳಗೆ ನಿಂತು ನೋಡಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ: ತಂತಿ ಬಂದ ಮೇಲೂ ಆ ಮನೆಗಳು ತಮ್ಮದೇ ಆದ ಒಂದು ದೀಪವನ್ನು ಎಂದೂ ಬಿಟ್ಟುಕೊಡಲಿಲ್ಲ. ಈಗ ಅಲ್ಲಿನ ಗೂಡುಗಳಲ್ಲಿ ಕುಳಿತಿರುವ ಬ್ಯಾಟರಿಯ ತುರ್ತುದೀಪ ಆ ಸಾಲಿನ ಕೊನೆಯದು.

ಸಾಲಿನ ಮೊದಲನೆಯದು ಎಣ್ಣೆಯ ದೀಪ. ಹಳಗನ್ನಡದಲ್ಲಿ ಅದಕ್ಕೆ ‘ಸೊಡರು’ ಎಂದು ಹೆಸರು. ಏಳನೆಯ ಶತಮಾನದಷ್ಟು ಹಿಂದೆಯೇ ಆಳುಪ ಅರಸರ ಶಾಸನವನ್ನು ಪಡೆದ ಪ್ರಾಚೀನ ಕ್ಷೇತ್ರ ಕಿಗ್ಗ. ಕರ್ನಾಟಕದ ದೇವಾಲಯಗಳ ಶಾಸನಗಳನ್ನು ಓದಿದವರಿಗೆ ‘ನಂದಾದೀವಿಗೆ’ ಎಂಬ ಮಾತು ಪರಿಚಿತವಾದದ್ದೇ. ಆರದಂತೆ ಉರಿಯಬೇಕಾದ ದೀಪವದು. ಒಬ್ಬರು ಭೂಮಿ ಬಿಡುತ್ತಾರೆ, ಇನ್ನೊಬ್ಬರು ಗಾಣದ ತೆರಿಗೆಯಲ್ಲಿ ಇಷ್ಟು ಸೊಡರೆಣ್ಣೆ ಎಂದು ಬಿಡುತ್ತಾರೆ, ಇದಕ್ಕೆ ತಪ್ಪಿದವನು ಇಂಥಿಂಥ ಪಾಪಕ್ಕೆ ಹೋಗಲೆಂದು ಕೊನೆಯಲ್ಲಿ ಶಾಪ ಹಾಕಿಸುತ್ತಾರೆ. ದೀಪ ಹಚ್ಚುವುದು ಸುಲಭ, ಆರದಂತೆ ನೋಡಿಕೊಳ್ಳುವುದಕ್ಕೆ ಒಂದು ವ್ಯವಸ್ಥೆ ಬೇಕು ಎಂಬುದನ್ನು ಆ ಕಾಲದವರು ಚೆನ್ನಾಗಿ ಅರಿತಿದ್ದರು. ಇಂದಿನ ವಿದ್ಯುತ್ ಇಲಾಖೆಯ ಕಡತಗಳಿಗೆ ಶಾಪದ ವಾಕ್ಯವೊಂದನ್ನು ಸೇರಿಸಿದರೆ ಹೇಗೆ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಮನೆಗಳಲ್ಲಿ ಎಳ್ಳೆಣ್ಣೆಯನ್ನು ದೇವರ ಮುಂದೆ ಉರಿಸಿದರೆ, ಒಳಗಿನ ಕೆಲಸಕ್ಕೆ ಹರಳೆಣ್ಣೆ, ಹೊನ್ನೆಯೆಣ್ಣೆ. ಹೊನ್ನೆಯೆಣ್ಣೆ ಹೊಗೆ ಕಾರುತ್ತದೆ, ವಾಸನೆಯೂ ಅಷ್ಟಕ್ಕಷ್ಟೆ. ಆದರೆ ಕಾಯಿ ಪುಕ್ಕಟೆ, ಕೊಂಡು ತರಬೇಕಾಗಿಲ್ಲ. ಅಂಗಳ ದಾಟಿ ಹೊರಗೆ ಹೋಗಬೇಕಾದರೆ ಒಣಗಿದ ಸೋಗೆಯನ್ನು ಬಿಗಿದು ಕಟ್ಟಿದ ಸೂಡಿ. ಕೈಯಲ್ಲಿ ಬೀಸುತ್ತ ನಡೆದರೆ ಅದು ಹತ್ತಿಕೊಂಡು ದಾರಿ ತೋರಿಸುತ್ತದೆ, ನಿಲ್ಲಿಸಿದರೆ ಕೆಂಡವಾಗಿ ಉಳಿಯುತ್ತದೆ. ಹೀಗೆ ಬೆಳಕೆಂಬುದು ಮನೆಯ ಹಿತ್ತಿಲಿನಿಂದಲೇ ಬರುತ್ತಿದ್ದ ಪದಾರ್ಥವಾಗಿದ್ದಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸೀಮೆಎಣ್ಣೆ ಬಂದಿತು. ‘ಸೀಮೆ’ ಎಂಬ ವಿಶೇಷಣವೇ ಅದು ಹೊರದೇಶದ್ದೆಂದು ಸಾರುತ್ತದೆ. ಮಲೆನಾಡಿನವರು ಅದನ್ನು ‘ಚಿಮಣಿ ಎಣ್ಣೆ’ ಎಂದೇ ಕರೆದರು. ಬೆಳಕನ್ನು ಅಂಗಡಿಯಿಂದ ಹಣ ಕೊಟ್ಟು ತರುವ ಕಾಲ ಮೊದಲಾದದ್ದು ವಿದ್ಯುತ್ತಿನಿಂದಲ್ಲ, ಈ ಎಣ್ಣೆಯಿಂದ. ತಗಡಿನ ಬುಡ್ಡಿದೀಪ ಬಡವನಿಗೂ ನಿಲುಕಿತು. ಸ್ವಲ್ಪ ಅನುಕೂಲವಿದ್ದವರ ಮನೆಗೆ ಲಾಟೀನು ಬಂದಿತು. ಅಮೆರಿಕದ ಡೀಟ್ಸ್ ಕಂಪನಿಯ ಹೆಸರು ಆ ಕಾಲದಲ್ಲಿ ಹಳ್ಳಿಗಳವರೆಗೂ ಹಬ್ಬಿದ್ದಿತು. ಗಾಳಿಗೂ ಮಳೆಗೂ ಆರದ ಈ ದೀಪ ಮಲೆನಾಡಿಗೆಂದೇ ಮಾಡಿದಂತಿದ್ದಿತು.

ಲಾಟೀನು ಮನೆಯ ದಿನಚರಿಯಲ್ಲಿ ಒಂದು ಕೆಲಸವನ್ನು ಹೆಚ್ಚಿಸಿತು. ಸಂಜೆ ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಗಾಜಿನ ಬುರುಡೆಯನ್ನು ಬಿಚ್ಚಿ, ಒಲೆಯ ಬೂದಿಯಿಂದ ತಿಕ್ಕಿ, ಹಳೆಯ ಬಟ್ಟೆಯಿಂದ ಒರೆಸಬೇಕು. ಬತ್ತಿಯ ತುದಿಯನ್ನು ಕತ್ತರಿಯಿಂದ ಸಮಮಾಡಬೇಕು, ಎಣ್ಣೆ ಎಷ್ಟಿದೆಯೆಂದು ಅಲುಗಿಸಿ ನೋಡಬೇಕು. ಮನೆಯ ಹೆಣ್ಣುಮಕ್ಕಳೋ ಶಾಲೆಯಿಂದ ಬಂದ ಹುಡುಗರೋ ಇದನ್ನು ಮಾಡುತ್ತಿದ್ದರು. ಬುರುಡೆ ಒಡೆದವನಿಗೆ ಬೈಗುಳ. ಈ ಸಣ್ಣ ಕೆಲಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಅಡಕೆ ಸುಲಿತದ ಕಾಲಕ್ಕೆ ಲಾಟೀನು ಸಾಲದು. ಮಳೆ ಹಿಂದೆಗೆದ ಮೇಲೆ ಕೊನೆಕೊಯ್ಲು ಆರಂಭವಾದರೆ, ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಬಹು ಹೊತ್ತಿನವರೆಗೆ ಸುಲಿಯುತ್ತಾರೆ. ಅಲ್ಲಿಗೆ ಬೇಕಾದದ್ದು ಪೆಟ್ರೋಮ್ಯಾಕ್ಸ್, ಜನರ ಬಾಯಲ್ಲಿ ‘ಗ್ಯಾಸ್‌ಲೈಟು’. ಪಂಪು ಹೊಡೆದು, ಬಲೆಯಂಥ ಮ್ಯಾಂಟಲನ್ನು ಕಟ್ಟಿ, ಸದ್ದು ಮಾಡುತ್ತ ಉರಿಯುವ ಆ ದೀಪವನ್ನು ಹಚ್ಚಬಲ್ಲವನಿಗೆ ಊರಿನಲ್ಲಿ ಒಂದು ಸ್ಥಾನವಿದ್ದಿತು. ಯಕ್ಷಗಾನದ ರಂಗಸ್ಥಳದಲ್ಲಿ ಹಿಲಾಲನ್ನು ಓಡಿಸಿದ್ದೂ ಈ ಗ್ಯಾಸ್‌ಲೈಟೇ. ರಾಕ್ಷಸವೇಷಗಳು ಹಿಲಾಲಿನ ಬೆಳಕಿನಲ್ಲಿ ಹುಟ್ಟಿಸುತ್ತಿದ್ದ ಭಯ ಆಮೇಲೆ ಉಳಿಯಲಿಲ್ಲವೆಂದು ಹಿರಿಯರು ಗೊಣಗುತ್ತಿದ್ದರು.

ಇತ್ತ ಮಲೆನಾಡು ಎಣ್ಣೆಯಲ್ಲಿಯೇ ಇದ್ದಾಗ, ಮೈಸೂರು ಸಂಸ್ಥಾನವು ವಿದ್ಯುತ್ತಿನಲ್ಲಿ ಇಡೀ ದೇಶಕ್ಕೆ ದಾರಿ ತೋರಿಸುತ್ತಿದ್ದಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, 92 ಮೈಲಿಗಳ ದೂರ, ತಂತಿಯ ಮೇಲೆ ವಿದ್ಯುತ್ತು ಹರಿಯಿತು. ಅಷ್ಟು ಉದ್ದದ ತಂತಿ ಆಗ ಪ್ರಪಂಚದಲ್ಲಿಯೇ ವಿರಳ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು, 1908ರಲ್ಲಿ ಮೈಸೂರು ನಗರ. ಗಮನಿಸಬೇಕಾದದ್ದೆಂದರೆ, ಕಾವೇರಿಯ ವಿದ್ಯುತ್ತು ಮೊದಲು ಹೋದದ್ದು ಮನೆಗಳಿಗಲ್ಲ, ಗಣಿಗಳಿಗೆ. ಮನೆಗಳ ಸರದಿ ಆಮೇಲೆ. ಹಳ್ಳಿಯ ಸರದಿ ಎಷ್ಟೋ ಆಮೇಲೆ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿ ತೊಡಗಿದ ಆ ಯೋಜನೆಗೆ ಮರುವರ್ಷ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪಿತವಾಯಿತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು, 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಶರಾವತಿ ಯೋಜನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು.

ಮಲೆನಾಡಿನ ನೀರು, ಮಲೆನಾಡಿನ ಜಮೀನು, ಆದರೆ ತಂತಿಗಳು ಎತ್ತರದ ಕಬ್ಬಿಣದ ಗೋಪುರಗಳ ಮೇಲೆ ಮಲೆನಾಡಿನ ತಲೆಯ ಮೇಲಿಂದಲೇ ದಾಟಿ ಬಯಲುಸೀಮೆಯ ನಗರಗಳಿಗೆ ಹೋದವು. ಶರಾವತಿಯ ಮುಳುಗಡೆಯಿಂದ ಎದ್ದುಹೋದ ಕುಟುಂಬಗಳ ಕಥೆ ಇದರಲ್ಲಿ ಅತ್ಯಂತ ದಾರುಣವಾದದ್ದು. ನಾಡಿಗೆ ಬೆಳಕು ಕೊಡಲೆಂದು ಮನೆಮಠ ನೀರಿಗೆ ಬಿಟ್ಟವರಲ್ಲಿ ಅನೇಕರು, ಕಾಡಿನ ನಡುವೆ ಹೊಸದಾಗಿ ಕಟ್ಟಿಕೊಂಡ ಮನೆಗಳಲ್ಲಿ ದಶಕಗಳ ಕಾಲ ಬುಡ್ಡಿದೀಪದ ಬೆಳಕಿನಲ್ಲಿಯೇ ಬದುಕಬೇಕಾಯಿತು. ಇದನ್ನು ತಾಂತ್ರಿಕ ತೊಡಕೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ತಾಂತ್ರಿಕ ತೊಡಕು ಇಲ್ಲವೆಂದಲ್ಲ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಒಂದು ಕಂಬ ನೆಟ್ಟರೆ ಹತ್ತು ಮನೆಗೆ ತಂತಿ ಎಳೆಯಬಹುದು. ಕಿಗ್ಗ, ನೆಮ್ಮಾರು, ಕೆರೆಕಟ್ಟೆಗಳ ಕಡೆ ಊರೆಂದರೆ ಮನೆಗಳ ಗುಂಪಲ್ಲ. ಒಂದೊಂದು ಕಣಿವೆಗೆ ಒಂದು ಅಡಕೆ ತೋಟ, ತೋಟದ ತಲೆಯಲ್ಲಿ ಒಂದು ಮನೆ, ನಡುವೆ ಗುಡ್ಡ, ಹಳ್ಳ, ಕಾಡು. ಒಂದು ಮನೆಯ ಎರಡು ದೀಪಕ್ಕಾಗಿ ಸಾಲುಸಾಲು ಕಂಬಗಳು ಮರಗಳ ಕೆಳಗೆ ಹಾಯಬೇಕು. ಪಶ್ಚಿಮಘಟ್ಟದ ಇದೇ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನ ಹತ್ತಿರ ಮಳೆ ಸುರಿಯುತ್ತದೆ. ಕಿಗ್ಗದ ಮಳೆಯೂ ಅದರ ನಂಟನೇ. ನೆನೆದ ಮಣ್ಣಿನಲ್ಲಿ ಬೇರು ಸಡಿಲಿ ಒಂದು ಮರ ವಾಲಿದರೆ ಸಾಕು, ಅದರಾಚೆಯ ಮನೆಗಳೆಲ್ಲ ಕತ್ತಲು. ಅದು ಎಲ್ಲಿ ಬಿದ್ದಿದೆಯೆಂದು ಹುಡುಕಬೇಕಾದವನು ಲೈನ್‌ಮನ್. ಕಂಬಳಿಯನ್ನೋ ಪ್ಲಾಸ್ಟಿಕ್ಕನ್ನೋ ಹೊದ್ದು, ಉಂಬಳ ಕಚ್ಚಿಸಿಕೊಂಡು, ಕಂಬದಿಂದ ಕಂಬಕ್ಕೆ ನಡೆಯುವ ಆತನನ್ನು ಬಲ್ಲವರು ಅವನನ್ನು ಬೈಯುವುದಿಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ರಚಿತವಾದ ಮೇಲೆ, ಅದರ ಎಲ್ಲೆಯೊಳಗೆ ಹೊಸ ಕಂಬ ನೆಡುವುದಕ್ಕೆ ಅರಣ್ಯದ ಅನುಮತಿಯೆಂಬ ಇನ್ನೊಂದು ಮೆಟ್ಟಿಲು ಸೇರಿತು.

ಸರ್ಕಾರದ ಲೆಕ್ಕದಲ್ಲಿ ಮಾತ್ರ ಕತ್ತಲೆ ಬಹಳ ಮೊದಲೇ ಹೋಗಿದ್ದಿತು. 1997ರವರೆಗೆ, ಒಂದು ಹಳ್ಳಿಯ ಕಂದಾಯದ ಎಲ್ಲೆಯೊಳಗೆ ಯಾವುದೇ ಕಾರಣಕ್ಕಾಗಿ ಎಲ್ಲಾದರೂ ವಿದ್ಯುತ್ತು ಬಳಕೆಯಾದರೆ ಆ ಹಳ್ಳಿ ವಿದ್ಯುದೀಕರಣವಾಯಿತೆಂದೇ ಎಣಿಕೆ. ಹೊಲದಲ್ಲಿ ಒಂದು ಪಂಪು ಓಡಿದರೂ ಸರಿ, ಮನೆಗಳಲ್ಲಿ ದೀಪವಿರಬೇಕೆಂದಿಲ್ಲ. 2004ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಬಿಗಿಗೊಳಿಸಿತು. ಆಗಲೂ ನೂರಕ್ಕೆ ಹತ್ತು ಮನೆಗಳಿಗೆ ಸಂಪರ್ಕವಿದ್ದರೆ ಸಾಕಾಗುತ್ತಿದ್ದಿತು. ಮಿಕ್ಕ ತೊಂಬತ್ತು ಮನೆಗಳವರು ಪತ್ರಿಕೆಯಲ್ಲಿ ತಮ್ಮ ಊರು ಬೆಳಗಿದ್ದನ್ನು ಓದಿ ಸಂತೋಷಪಡಬೇಕು, ಅದೂ ಬುಡ್ಡಿದೀಪದಲ್ಲಿ. ನಮ್ಮ ರಾಜ್ಯದಲ್ಲಿ 1979-80ರ ಸುಮಾರಿಗೆ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗಳಿಗೆ ಒಂದೊಂದು ಬಲ್ಬು ಕೊಟ್ಟಿತು; ಅದು ದೊಡ್ಡ ಉಪಕಾರವೇ. ಆದರೆ ಕಂಬ, ತಂತಿ, ಬಲ್ಬು ಇವುಗಳನ್ನು ಎಣಿಸಿದ ಯಾವ ಲೆಕ್ಕವೂ ರಾತ್ರಿಗಳನ್ನು ಎಣಿಸಲಿಲ್ಲ. ಆಷಾಢ ಶ್ರಾವಣಗಳಲ್ಲಿ ಎಷ್ಟು ರಾತ್ರಿ ಆ ಬಲ್ಬು ಉರಿಯಿತು? ಅದನ್ನು ಅರಿತವರು ಆ ಮನೆಯವರು ಮಾತ್ರ. ಅವರು ಲಾಟೀನನ್ನು ಮೊಳೆಯಿಂದ ಇಳಿಸಲಿಲ್ಲ.

ಲಾಟೀನಿನ ಪಕ್ಕದಲ್ಲಿ ಇನ್ನೊಂದು ವಸ್ತು ಬಂದು ಕುಳಿತಿದ್ದಿತು. ಅದು ಟಾರ್ಚು. ಮಲೆನಾಡಿನಲ್ಲಿ ಅದಕ್ಕೆ ‘ಬ್ಯಾಟರಿ’ ಎಂದೇ ಹೆಸರು. ಒಳಗೆ ಹಾಕುವುದು ‘ಸೆಲ್ಲು’. ಇಡೀ ವಸ್ತುವಿಗೆ ಒಳಗಿನ ಶಕ್ತಿಯ ಹೆಸರನ್ನೇ ಇಟ್ಟದ್ದರಲ್ಲಿ ಒಂದು ಅರ್ಥವಿದೆ. ತಂತಿಯಿಲ್ಲದೆ ಮನೆಯೊಳಗೆ ಬಂದ ಮೊದಲ ವಿದ್ಯುತ್ತು ಅದೇ. ಕಿಗ್ಗದಂಥ ಊರುಗಳಿಗೆ ಕಂಬಕ್ಕಿಂತ ಮೊದಲು ತಲುಪಿದ ವಿದ್ಯುತ್ತೂ ಅದೇ.

ಸೆಲ್ಲಿನ ಜನ್ಮವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಬಹುದು. ಇಟಲಿಯ ವೋಲ್ಟಾ 1800ರಲ್ಲಿ ಎರಡು ಲೋಹಗಳ ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯೊಡನೆ ಒಂದರ ಮೇಲೊಂದು ಪೇರಿಸಿ ವಿದ್ಯುತ್ತಿನ ಎಡೆಬಿಡದ ಹರಿವನ್ನು ಪಡೆದನು. ಫ್ರಾನ್ಸಿನ ಲೆಕ್ಲಾಂಷೆ 1866ರಲ್ಲಿ ಸತುವನ್ನೂ ಇಂಗಾಲವನ್ನೂ ಉಪಯೋಗಿಸಿದನು. ಅದರ ದ್ರವವನ್ನು ಅಂಟಿನಂತೆ ಗಟ್ಟಿಮಾಡಿ, ತಲೆಕೆಳಗಾದರೂ ಚೆಲ್ಲದ ಒಣಸೆಲ್ಲನ್ನು ಜರ್ಮನಿಯ ಗಾಸ್ನರ್ 1886ರಲ್ಲಿ ಮಾಡಿದನು. 1899ರಲ್ಲಿ ಅಮೆರಿಕದಲ್ಲಿ ಡೇವಿಡ್ ಮೈಸೆಲ್ ಎಂಬಾತ ಇಂಥ ಸೆಲ್ಲುಗಳನ್ನು ಕೊಳವೆಯಲ್ಲಿ ಸಾಲಾಗಿಟ್ಟು, ತುದಿಗೆ ಬಲ್ಬು ಕೂರಿಸಿದ ಕೈದೀಪಕ್ಕೆ ಹಕ್ಕುಪತ್ರ ಪಡೆದನು. ಆಗಿನ ಸೆಲ್ಲುಗಳು ಬಹಳ ಹೊತ್ತು ಒಂದೇ ಸಮನೆ ಉರಿಸಲಾರದೆ ಸೋತುಬಿಡುತ್ತಿದ್ದವು. ಕ್ಷಣಕಾಲ ಮಿಂಚಿಸಿ ಆರಿಸಬೇಕಾಗುತ್ತಿದ್ದುದರಿಂದ ಅದಕ್ಕೆ ಇಂಗ್ಲಿಷಿನಲ್ಲಿ ಮಿಂಚುದೀಪವೆಂಬರ್ಥದ ಹೆಸರೇ ಬಿದ್ದಿತು. ಭಾರತದಲ್ಲಿ ಎವರೆಡಿ ಕಂಪನಿ 1934ರಲ್ಲಿ ಕಲ್ಕತ್ತೆಯಲ್ಲಿ ನೋಂದಾವಣೆಯಾಯಿತು. ಕೆಂಪು ಸೆಲ್ಲು ಸಂತೆಗಳವರೆಗೂ ಬಂದಿತು.

ತೋಟಕ್ಕೆ ಹಂದಿ ನುಗ್ಗಿದಾಗ, ಕೊಟ್ಟಿಗೆಯಲ್ಲಿ ಹಸು ಕರು ಹಾಕುವಾಗ, ದಾರಿಯಲ್ಲಿ ಹಾವಿದ್ದೀತೆಂದು ಹೆದರಿದಾಗ ಬ್ಯಾಟರಿ ಬೇಕು. ಸೆಲ್ಲು ಸೋತರೆ ಕೂಡಲೇ ಎಸೆಯುವವರಿಲ್ಲ. ಬಿಸಿಲಿಗಿಟ್ಟು ಕಾಯಿಸಿ ಮತ್ತೆ ಹಾಕುತ್ತಿದ್ದರು, ಬಿಸಿಲಿಲ್ಲದ ದಿನ ಒಲೆಯ ಕಟ್ಟೆಯ ಮೇಲೆ. ಓದಿದವರು ಇದನ್ನು ನೋಡಿ ನಗುತ್ತಿದ್ದರು. ನಗಬೇಕಾದ್ದೇನೂ ಇಲ್ಲ: ಬಿಸಿ ಏರಿದಾಗ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಬಳಕೆಯಾಗದೆ ಉಳಿದಿದ್ದ ಪದಾರ್ಥ ಸ್ವಲ್ಪ ಕೆಲಸಕ್ಕೆ ಬರುತ್ತದೆ. ಒಂದೆರಡು ರಾತ್ರಿಯ ಬೆಳಕು ಸಿಕ್ಕೀತು. ಒಲೆಯ ಮೇಲೆ ಮರೆತುಬಿಟ್ಟರೆ ಸೆಲ್ಲು ಒಡೆಯುವುದೂ ಉಂಟು.

ಈಗ ತುರ್ತುದೀಪದ ಮಾತು. ಇದು ಹುಟ್ಟಿದ್ದು ಹಳ್ಳಿಯಲ್ಲಲ್ಲ, ನಗರದಲ್ಲಿ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತಳ ಕಂಡಾಗಲೆಲ್ಲ ನಗರಗಳಲ್ಲಿಯೂ ಸರದಿಯ ಮೇಲೆ ದೀಪ ಕಡಿದರು. ‘ಪವರ್ ಕಟ್’, ‘ಲೋಡ್ ಶೆಡ್ಡಿಂಗ್’ ಎಂಬ ಮಾತುಗಳು ಅಡಿಗೆಮನೆಯ ಕನ್ನಡವೇ ಆಗಿಹೋದವು. ಮಳೆ ಇಲ್ಲದೆ ಬೆಂಗಳೂರು ಕತ್ತಲಾಯಿತು, ಮಳೆ ಬಂದು ಕಿಗ್ಗ ಕತ್ತಲಾಯಿತು! ಇಬ್ಬರಿಗೂ ಬೇಕಾದ ದೀಪ ಒಂದೇ ಆಯಿತು. ಆ ಹೊತ್ತಿಗೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಸಾಲು ಅಂಗಡಿಗಳಲ್ಲಿ ಟ್ರಾನ್ಸ್‌ಫಾರ್ಮರು, ಡಯೋಡು, ಟ್ರಾನ್ಸಿಸ್ಟರುಗಳು ಬಿಡಿಬಿಡಿಯಾಗಿ ಸಿಗುತ್ತಿದ್ದವು. ಪಾಲಿಟೆಕ್ನಿಕ್ಕಿನ ಹುಡುಗರೂ ರೇಡಿಯೋ ರಿಪೇರಿಯವರೂ ಅವನ್ನು ಚೀಲದಲ್ಲಿ ತುಂಬಿಕೊಂಡು ಊರಿಗೆ ಹೋಗಿ ಮನೆಯಲ್ಲಿಯೇ ದೀಪ ಕಟ್ಟತೊಡಗಿದರು.

ಅದರ ತತ್ತ್ವ ಬಹು ಸರಳ. ಗೋಡೆಯ ಕರೆಂಟನ್ನು ಸಣ್ಣ ಟ್ರಾನ್ಸ್‌ಫಾರ್ಮರು 230 ವೋಲ್ಟಿನಿಂದ 9 ವೋಲ್ಟಿಗೆ ಇಳಿಸುತ್ತದೆ. ಹಿಂದೆ ಮುಂದೆ ಓಡಾಡುವ ಆ ಕರೆಂಟನ್ನು ನಾಲ್ಕು ಡಯೋಡುಗಳು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುತ್ತವೆ. ಅದು 6 ವೋಲ್ಟಿನ ಮುಚ್ಚುಬ್ಯಾಟರಿಯನ್ನು ತುಂಬುತ್ತದೆ. ಇದು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಸೀಸ ಮತ್ತು ಆಮ್ಲದ ಬ್ಯಾಟರಿಯ ಮರಿ, ಲಾರಿಯ ಬ್ಯಾಟರಿಯ ಸೋದರ. ಬ್ಯಾಟರಿಗೂ ದೀಪಕ್ಕೂ ನಡುವೆ ಒಂದು ಟ್ರಾನ್ಸಿಸ್ಟರು ಬಾಗಿಲು ಕಾಯುತ್ತದೆ. ಗೋಡೆಯ ಕರೆಂಟು ಇರುವವರೆಗೆ ಅದರ ಒತ್ತಡವೇ ಬಾಗಿಲನ್ನು ಮುಚ್ಚಿ ಹಿಡಿದಿರುತ್ತದೆ. ಕರೆಂಟು ಹೋದೊಡನೆ ಒತ್ತಡ ತಪ್ಪಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ದೀಪ ಹತ್ತುತ್ತದೆ. ಕತ್ತಲಲ್ಲಿ ಬೆಂಕಿಪೊಟ್ಟಣ ತಡಕುವ ಪ್ರಸಂಗವೇ ಇಲ್ಲ.

ಮೊದಮೊದಲು ಇದಕ್ಕೆ 6 ವಾಟಿನ ಪುಟ್ಟ ಟ್ಯೂಬು ಹಾಕುತ್ತಿದ್ದರು. ಬ್ಯಾಟರಿಯ 6 ವೋಲ್ಟು ಟ್ಯೂಬನ್ನು ಹತ್ತಿಸಲಾರದ್ದರಿಂದ ಅದನ್ನು ಏರಿಸುವ ಇನ್ನೊಂದು ಸುರುಳಿ ಬೇಕು. ಅದು ಕಿರ್ರೆಂದು ಸದ್ದು ಮಾಡುತ್ತ ಬಿಸಿಯಾಗುತ್ತಿದ್ದಿತು. ಇಷ್ಟಾಗಿ ದೀಪ ಉರಿಯುವುದು ಎರಡು ಮೂರು ಗಂಟೆ. ನಗರದ ಪವರ್ ಕಟ್ಟಿಗೆ ಅದು ಸಾಕು. ಕಿಗ್ಗದ ಮೂರು ದಿನಕ್ಕೆ ಏನೇನೂ ಸಾಲದು. ಆದಕಾರಣ ಮಲೆನಾಡಿನಲ್ಲಿ ಅದು ಲಾಟೀನನ್ನು ಓಡಿಸಲಾಗಲಿಲ್ಲ.

ಈ ಸ್ಥಿತಿಯನ್ನು ಬದಲಾಯಿಸಿದ್ದು ಜಪಾನಿನ ಮೂವರು ವಿಜ್ಞಾನಿಗಳ ಕೆಲಸ. ಅಕಾಸಾಕಿ, ಅಮಾನೋ, ನಕಾಮುರಾ ಇವರು ನೀಲಿ ಬಣ್ಣದ ಎಲ್‌ಇಡಿಯನ್ನು ಸಾಧಿಸಿದರು. ನೀಲಿಯ ಮೇಲೆ ಹಳದಿ ರಂಜಕ ಬಳಿದು ಬಿಳಿಯ ಬೆಳಕನ್ನು ಪಡೆಯುವ ವಿಧಾನ 1996ರ ಹೊತ್ತಿಗೆ ಮಾರುಕಟ್ಟೆಗೆ ಬಂದಿತು. 2014ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇದರಿಂದ ನಮ್ಮ ಗೂಡಿನ ದೀಪಕ್ಕೆ ಆದ ಲಾಭವನ್ನು ಲೆಕ್ಕ ಹಾಕಿ ನೋಡಬಹುದು. ಸಣ್ಣ ಎಲ್‌ಇಡಿಯೊಂದಕ್ಕೆ ಬೇಕಾದ ಕರೆಂಟು 20 ಮಿಲಿಆಂಪಿಯರ್, ಒತ್ತಡ ಸುಮಾರು 3.2 ವೋಲ್ಟು. ಉಳಿದ ಒತ್ತಡವನ್ನು ನುಂಗಲು ಪ್ರತಿಯೊಂದಕ್ಕೂ 150 ಓಮಿನ ರೋಧಕವೊಂದನ್ನು ಕೂಡಿಸಬೇಕು. ಇಂಥ ಹನ್ನೆರಡು ಸೇರಿದರೆ 240 ಮಿಲಿಆಂಪಿಯರ್. ಬ್ಯಾಟರಿಯ ಶಕ್ತಿ 4.5 ಆಂಪಿಯರ್-ಗಂಟೆ, ಅದರಲ್ಲಿ ಅರ್ಧವನ್ನಷ್ಟೇ ಖರ್ಚು ಮಾಡಿದರೂ ಒಂಬತ್ತು ಗಂಟೆಗೂ ಮೀರಿ ಬೆಳಕು. ಸಂಜೆ ಎರಡು ಮೂರು ಗಂಟೆಯಂತೆ ಉರಿಸಿದರೆ ಮೂರು ದಿನ ಸಾಗುತ್ತದೆ. ಕಿಗ್ಗದ ಲೆಕ್ಕಕ್ಕೆ ಸರಿಹೊಂದಿದ ಮೊದಲ ತುರ್ತುದೀಪ ಇದೇ ಎನ್ನಬೇಕು.

ಸೋದರತ್ತೆಗಾಗಿ ನಾನೂ ಒಂದನ್ನು ಕಟ್ಟಿದೆ. ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಹನ್ನೆರಡು ತೂತು ಕೊರೆದು ಎಲ್‌ಇಡಿಗಳನ್ನು ಕೂರಿಸಿದೆ. ಬ್ಯಾಟರಿಯ ಬುಡದಲ್ಲಿಯೇ ಒಂದು ಫ್ಯೂಸು ಹಾಕಿದೆ. 230 ವೋಲ್ಟಿನ ಕಡೆಯ ಕೆಲಸವನ್ನು ಮಾತ್ರ ತಿಳಿದ ಎಲೆಕ್ಟ್ರಿಷಿಯನ್ ಒಬ್ಬರಿಂದ ಮಾಡಿಸಿದೆ. ತಗಡಿನ ಡಬ್ಬಿಯಲ್ಲಿ ಆ ತಂತಿ ಸಡಿಲವಾದರೆ ಡಬ್ಬಿಯೇ ಕರೆಂಟಾಗುತ್ತದೆ. ದೀಪಾವಳಿಗೆ ಒಯ್ದು ಕೊಟ್ಟಾಗ ಮನೆಯವರೆಲ್ಲ ಮೆಚ್ಚಿದರು. ಅತ್ತೆ ಅದನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಬೆಲೆಯುಳ್ಳ ವಸ್ತುವನ್ನು ಹಾಗೆಯೇ ಇಡಬೇಕಲ್ಲವೆ?

ಜೂನ್ ತಿಂಗಳ ಮೊದಲ ಗಾಳಿಮಳೆಗೆ ಕರೆಂಟು ಹೋಯಿತು. ಬಟ್ಟೆ ಬಿಚ್ಚಿ ದೀಪ ತೆಗೆದರೆ ಮಿಣುಕ್ ಎಂದು ಕೂಡ ಅನ್ನಲಿಲ್ಲ. ತಪ್ಪು ಅತ್ತೆಯದಲ್ಲ, ಹೇಳದೆ ಬಂದ ನನ್ನದು. ಸೀಸದ ಬ್ಯಾಟರಿ ಸುಮ್ಮನೆ ಕುಳಿತರೂ ತಿಂಗಳಿಂದ ತಿಂಗಳಿಗೆ ತಾನಾಗಿ ಖಾಲಿಯಾಗುತ್ತ ಹೋಗುತ್ತದೆ. ಖಾಲಿಯಾಗಿಯೇ ಬಿದ್ದಿದ್ದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಕರೆಂಟು ತುಂಬಿದರೂ ಅದು ಹಿಡಿಯದು. ಜೊತೆಗೆ ಮಲೆನಾಡಿನ ಥಂಡಿ ತನ್ನ ಕೆಲಸ ಮಾಡಿ, ತಾಮ್ರದ ತುದಿಗಳಿಗೆ ಹಸಿರು ಕಿಲುಬು ಹಿಡಿಸಿದ್ದಿತು. ಹೊಸ ಬ್ಯಾಟರಿ ಹಾಕಿ, ತುದಿಗಳನ್ನು ಉಜ್ಜಿ ಬೆಸುಗೆಯಿಟ್ಟು, ಇನ್ನು ಮೇಲೆ ಇದನ್ನು ಬೀರುವಿನಲ್ಲಿಡದೆ ಸದಾ ಗೋಡೆಯ ಪ್ಲಗ್ಗಿಗೇ ಹಾಕಿಟ್ಟಿರಬೇಕೆಂದೂ, ಸಿಡಿಲು ಹೊಡೆಯುವಾಗ ಮಾತ್ರ ತೆಗೆಯಬೇಕೆಂದೂ, ತಿಂಗಳಿಗೊಮ್ಮೆ ಬೇಕೆಂದೇ ಆರಿಸಿ ಉರಿಸಿ ನೋಡಬೇಕೆಂದೂ ವಿವರಿಸಿದೆ. ಅತ್ತೆ ಕೇಳಿಸಿಕೊಂಡು, “ಹಾಗಾದರೆ ಇದಕ್ಕೂ ಲಾಟೀನಿನ ಹಾಗೆ ಚಾಕರಿ ಉಂಟು ಅನ್ನು. ಮೊದಲೇ ಹೇಳಬಾರದಿತ್ತಾ?” ಎಂದರು.

ನಾನು ಅರ್ಧ ಪುಟ ವಿವರಿಸಿದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ಲಾಟೀನು ತನಗೆ ಬೇಕಾದದ್ದನ್ನು ಕಣ್ಣಿಗೆ ಕಾಣುವಂತೆ ಕೇಳುತ್ತದೆ: ಬುರುಡೆ ಕಪ್ಪಾಗುತ್ತದೆ, ಎಣ್ಣೆ ಇಳಿಯುತ್ತದೆ, ಬತ್ತಿ ಕರಕಾಗುತ್ತದೆ. ಡಬ್ಬಿಯೊಳಗಿನ ಬ್ಯಾಟರಿ ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ದೀಪಗಳಲ್ಲಂತೂ ಡಬ್ಬಿಯನ್ನು ಬಿಚ್ಚುವುದಕ್ಕೇ ಆಗದಂತೆ ಅಂಟಿಸಿರುತ್ತಾರೆ. ಒಂದು ಮಳೆಗಾಲ ಕಳೆದರೆ ತಿಪ್ಪೆಗೆ. ನೂರು ವರ್ಷ ದೀಪಗಳನ್ನು ತಾವೇ ತಿಕ್ಕಿ, ಬತ್ತಿ ಕತ್ತರಿಸಿ, ಸೆಲ್ಲು ಒಣಗಿಸಿ ಬಾಳಿದ ಮನೆಗಳಿಗೆ ಇದು ಹೊಸ ಅವಮಾನ. ಮನೆಯಲ್ಲಿ ಕಟ್ಟಿದ ಡಬ್ಬಿ ಎಷ್ಟೇ ಒರಟಾಗಿರಲಿ, ಅದರ ಮುಚ್ಚಳವನ್ನು ತೆಗೆಯಬಹುದು.

ಅಂಥ ಮನೆಗಳು ಸುಮ್ಮನೆ ಕುಳಿತಿಲ್ಲವೆಂಬುದಕ್ಕೆ ಬೇರೆ ಸಾಕ್ಷಿಗಳೂ ಇವೆ. 1995ರಲ್ಲಿ ಹರೀಶ್ ಹಂದೆಯವರು ಜೊತೆಗಾರರೊಡನೆ ಬೆಂಗಳೂರಿನಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆಯ ಸೂರ್ಯದೀಪಗಳು, ಬ್ಯಾಂಕುಗಳ ಸಣ್ಣ ಸಾಲದ ನೆರವಿನಿಂದ ಕರಾವಳಿಯ ಮತ್ತು ಮಲೆನಾಡಿನ ಒಂಟಿಮನೆಗಳನ್ನು ಸೇರಿದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಸೂರ್ಯದೀಪಕ್ಕೂ ಆಷಾಢದಲ್ಲಿ ಸಂಕಟವೇ, ಸೂರ್ಯನೇ ಇಲ್ಲವಲ್ಲ! ಆಗ ಹಳ್ಳವಿದ್ದವರು ಹಳ್ಳದ ಕಡೆ ತಿರುಗಿದರು. ಘಟ್ಟದ ಕೆಲವು ಮನೆಗಳವರು ಗುಡ್ಡದ ನೀರನ್ನು ಪೈಪಿನಲ್ಲಿ ಇಳಿಸಿ, ಕೈಯಗಲದ ಚಕ್ರ ತಿರುಗಿಸಿ, ಒಂದು ಕಿಲೋವಾಟಿನಷ್ಟು ಕರೆಂಟನ್ನು ಮನೆಯ ಹಿಂದೆಯೇ ತಯಾರಿಸಿಕೊಳ್ಳುತ್ತಾರೆ. ಶಿವನಸಮುದ್ರದ ವಿದ್ಯೆಯೇ, ಅಂಗಳದ ಅಳತೆಗೆ ಇಳಿದದ್ದು. ಕಂಬದ ಕರೆಂಟನ್ನು ಕೆಡವುವ ಅದೇ ಮಳೆ ಇಲ್ಲಿ ದೀಪವನ್ನು ಹೆಚ್ಚು ಪ್ರಕಾಶವಾಗಿ ಉರಿಸುತ್ತದೆ. ಬೇಸಗೆಯಲ್ಲಿ ಹಳ್ಳ ಬತ್ತಿದಾಗ ಕಂಬದ ಕರೆಂಟಿರುತ್ತದೆ.

2023ರಲ್ಲಿ ಮುಂಗಾರು ಸೋತಿತು. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು, ವಿದ್ಯುತ್ತಿನ ಅಭಾವವೂ ತಲೆದೋರಿತು. ಬೆಂಗಳೂರಿನಲ್ಲಿ ಮತ್ತೆ ತುರ್ತುದೀಪದ ಮಾತು ಕೇಳಿಬಂತು. ಅತ್ತೆಯ ಮನೆಯಲ್ಲಿ ಆ ವರ್ಷ ಮಳೆಗಾಲದಲ್ಲಿ ಕರೆಂಟು ಎಂದಿಗಿಂತ ಕಡಿಮೆ ಹೋಯಿತು. ಅಡಕೆಯ ಫಸಲಿನ ಚಿಂತೆಯಲ್ಲಿದ್ದ ಅವರಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ.

ಕಳೆದ ಸಲ ಹೋದಾಗ ನೋಡಿದೆ. ನಡುಮನೆಯ ಪ್ಲಗ್ಗಿನ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ; ಅದರ ಮೇಲೆ ಕ್ಯಾಲೆಂಡರಿನ ಹಾಳೆಯ ಚೂರೊಂದನ್ನು ಅಂಟಿಸಿ, ಉರಿಸಿ ನೋಡಿದ ದಿನಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ, ಹೆಚ್ಚಾಗಿ ಏಕಾದಶಿಯ ದಿನಗಳು. ಪಕ್ಕದಲ್ಲಿ ಎರಡು ಸೆಲ್ಲಿನ ಬ್ಯಾಟರಿ. ಮೇಲೆ ಮೊಳೆಯಲ್ಲಿ ಲಾಟೀನು, ಬುರುಡೆ ಫಳಫಳ ಹೊಳೆಯುತ್ತಿದ್ದಿತು. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿರುವಾಗ ಇದನ್ನೇಕೆ ತಿಕ್ಕುತ್ತೀರಿ ಎಂದು ಕೇಳಿದೆ. “ಅಭ್ಯಾಸ” ಎಂದು ಹೇಳಿ, ಸಂಜೆಯ ದೀಪ ಹಚ್ಚಲು ದೇವರ ಕೋಣೆಗೆ ಹೋದರು.